ಡಿಸ್ಕ್ ಉಬ್ಬಿದೆ ಎಂದಿದ್ದಾರೆ: ಬೆನ್ನು ಗಟ್ಟಿಯಾಗಲು ಯಾವ ವ್ಯಾಯಾಮ, ಎಷ್ಟು, ಯಾವ ಹೊತ್ತಿನಲ್ಲಿ?

ಪ್ರಶ್ನೆ: ಮಂಡಿ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ವಯಸ್ಸು 43. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಿಗ್ಗೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಏಳುವುದು ಮಧ್ಯಾಹ್ನದ ಊಟಕ್ಕೇ. ಮುಂದಿನ ಗಿಡ್ಡ ಮೇಜಿನ ಮೇಲೆ ಬಾಗಿ ಬರೆಯುವುದು, ಲಾರಿ ಬಂದಾಗ ತೂಕದ ಕಡೆ ಓಡುವುದು, ಹಮಾಲರು ಸಾಲದೆ ಬಂದರೆ ಚೀಲಕ್ಕೆ ಕೈ ಕೊಡುವುದು, ಹೀಗೆ ದಿನ ಕಳೆಯುತ್ತದೆ. ಕಳೆದ ಸುಗ್ಗಿಯಲ್ಲಿ ಸೊಂಟದ ಎಡಬದಿಯಲ್ಲಿ ಶುರುವಾದ ನೋವು ಈಗ ಕೆಲವು ದಿನ ತೊಡೆಯ ಹಿಂಭಾಗಕ್ಕೂ ಇಳಿಯುತ್ತದೆ. ನಡೆಯುವಾಗ ಅಷ್ಟಾಗಿ ಬಾಧಿಸುವುದಿಲ್ಲ. ಕುಳಿತು ಎದ್ದ ಮೇಲೆ ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು, ಬೆಳಿಗ್ಗೆ ಬಾಗಿ ಮುಖ ತೊಳೆಯುವುದಂತೂ ಎಲ್ಲಕ್ಕಿಂತ ಕಷ್ಟ.

ಎಂಆರ್‌ಐ ವರದಿಯಲ್ಲಿ ಎಲ್‌4 ಮತ್ತು ಎಲ್‌5 ಎಂಬ ಸೊಂಟದ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದು ಬರೆದಿದ್ದಾರೆ. ಶಸ್ತ್ರಚಿಕಿತ್ಸೆ ಬೇಡ, ವ್ಯಾಯಾಮದಿಂದಲೇ ಸರಿಹೋಗುತ್ತದೆ ಎಂದು ವೈದ್ಯರು ಹೇಳಿ, ಚಿತ್ರಗಳಿರುವ ಒಂದು ಹಾಳೆಯನ್ನು ಕೊಟ್ಟರು. ಯಾವುದನ್ನು ಎಷ್ಟು ಹೊತ್ತು ಮಾಡಬೇಕು, ನೋವು ಬಂದರೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದು ಆ ಹಾಳೆಯಲ್ಲಿಲ್ಲ. ನಮ್ಮ ಮಾವನವರು ಬೆಲ್ಟ್ ಕಟ್ಟಿಕೊಂಡು ತಿಂಗಳುಗಟ್ಟಲೆ ಹಲಗೆಯ ಮೇಲೆ ಮಲಗು ಎನ್ನುತ್ತಾರೆ. ಜಿಮ್‌ಗೆ ಹೋಗುವ ತಮ್ಮನ ಪ್ರಕಾರ ಹೊಟ್ಟೆಯ ಸ್ನಾಯು ಬಲಿಯಲು ದಿನವೂ ಅಂಗಾತ ಮಲಗಿ ಎದ್ದು ಕೂರುವ ಸಿಟ್‌ಅಪ್ ಹೊಡೆಯಬೇಕು. ಪಕ್ಕದ ಮನೆಯವರು ಸೂರ್ಯನಮಸ್ಕಾರವೊಂದೇ ಸಾಕು ಎನ್ನುತ್ತಾರೆ. ಯಾರ ಮಾತು ಹಿಡಿಯಲಿ? ಮತ್ತೆ ಚೀಲಕ್ಕೆ ಕೈ ಹಾಕುವಂಥ ಬೆನ್ನು ನನಗೆ ಬರುತ್ತದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಫಿಸಿಯೊಥೆರಪಿಸ್ಟ್, ದಾವಣಗೆರೆ

ನಮಸ್ಕಾರ ಸರ್. ಇದೇ ಊರಿನಲ್ಲಿ ಫಿಸಿಯೊಥೆರಪಿ ಮಾಡುತ್ತಿದ್ದೇನೆ. ಮುಟ್ಟಿ ಪರೀಕ್ಷಿಸದೆ ಬರೆಯುತ್ತಿರುವ ಮಾತು ಇದು, ಆದ್ದರಿಂದ ನಿಮ್ಮ ವೈದ್ಯರ ಸಲಹೆಯ ಜೊತೆಗಿಟ್ಟು ಓದಿಕೊಳ್ಳಿ. ಆದರೂ ನೀವು ಕೊಟ್ಟ ವಿವರ ಬಹಳ ಸ್ಪಷ್ಟವಾಗಿದೆ: ಬಾಗಿದರೆ ಮತ್ತು ಕುಳಿತರೆ ನೋವು ಹೆಚ್ಚು, ನಡೆದರೆ ಕಡಿಮೆ. ನಿಮ್ಮ ವ್ಯಾಯಾಮದ ಆಯ್ಕೆ ಈ ಒಂದು ಸಂಗತಿಯ ಮೇಲೆಯೇ ನಿಲ್ಲಬೇಕು.

ಮೊದಲು ಆ ವರದಿಯ ಭಯವನ್ನು ಬಿಡಿ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ನಲವತ್ತರ ವಯಸ್ಸಿನಲ್ಲಿ ಯಾವ ನೋವೂ ಇಲ್ಲದವರಲ್ಲೇ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿರುತ್ತದೆ, ಎಂಬತ್ತರ ವಯಸ್ಸಿಗೆ ಅದು ನೂರಕ್ಕೆ 84ರಷ್ಟಾಗುತ್ತದೆ. ಉಬ್ಬು ಕಂಡಿತೆಂದರೆ ಬೆನ್ನು ಮುರಿದುಹೋಗಿದೆ ಎಂದಲ್ಲ. ನರದ ಮೇಲೆ ಒತ್ತುವಷ್ಟು ಹೊರಬಂದ ಡಿಸ್ಕ್ ಕೂಡ ಬಹಳ ಮಂದಿಯಲ್ಲಿ ತಿಂಗಳುಗಳ ಅವಧಿಯಲ್ಲಿ ತಾನಾಗಿಯೇ ಕುಗ್ಗುತ್ತದೆ.

ಮಾವನವರ ಕಾಳಜಿ ದೊಡ್ಡದು, ಆದರೆ ಹಲಗೆಯ ಮೇಲೆ ತಿಂಗಳುಗಟ್ಟಲೆ ಮಲಗುವ ಚಿಕಿತ್ಸೆಯನ್ನು ವೈದ್ಯಶಾಸ್ತ್ರ ಯಾವತ್ತೋ ಕೈಬಿಟ್ಟಿದೆ. 1986ರಲ್ಲೇ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿದ್ದರು. ಎರಡು ದಿನ ಮಲಗಿದವರ ಚೇತರಿಕೆ ಏಳು ದಿನ ಮಲಗಿದವರಿಗಿಂತ ಹಿಂದೆ ಬೀಳಲಿಲ್ಲ, ಕೆಲಸಕ್ಕೂ ಅವರು ಬೇಗ ಮರಳಿದರು. ಮಲಗಿದಷ್ಟೂ ಬೆನ್ನುಮೂಳೆಯ ಪಕ್ಕದಲ್ಲಿರುವ ಸಣ್ಣ ಸ್ನಾಯುಗಳು ಸೊರಗುತ್ತವೆ, ಮೂಳೆಗಳನ್ನು ಒಂದರ ಮೇಲೊಂದು ಸ್ಥಿರವಾಗಿ ಹಿಡಿದಿಡುವುದರಲ್ಲಿ ಅವುಗಳ ಪಾಲು ದೊಡ್ಡದು.

ಸಿಟ್‌ಅಪ್ ಸದ್ಯಕ್ಕೆ ಖಂಡಿತ ಬೇಡ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಮೇಲೆ ಬೀಳುವ ಭಾರವನ್ನು ದಶಕಗಳ ಕಾಲ ಅಳೆದ ಪ್ರೊಫೆಸರ್ ಸ್ಟುವರ್ಟ್ ಮೆಕ್‌ಗಿಲ್ ಅವರ ಲೆಕ್ಕದಲ್ಲಿ, ಒಂದೊಂದು ಸಿಟ್‌ಅಪ್‌ಗೂ ಸೊಂಟದ ಡಿಸ್ಕಿನ ಮೇಲೆ ಸುಮಾರು 3,300 ನ್ಯೂಟನ್, ಅಂದರೆ ಮೂರು ಕ್ವಿಂಟಲ್‌ಗೂ ಮೀರಿದ ಒತ್ತಡ ಬೀಳುತ್ತದೆ, ಅದೂ ಬೆನ್ನು ಬಾಗಿದ ಸ್ಥಿತಿಯಲ್ಲಿ. ದಿನವಿಡೀ ಗಾದಿಯ ಮೇಲೆ ಬಾಗಿ ಕೂರುವವರಿಗೆ ಮತ್ತಷ್ಟು ಬಾಗಿಸುವ ವ್ಯಾಯಾಮ ಏಕೆ?

ಬೆನ್ನಿಗೆ ಬೇಕಾದದ್ದು ಒಂದೇ ಏಟಿಗೆ ಎತ್ತಿಬಿಡುವ ಬಲಕ್ಕಿಂತ ಹೆಚ್ಚಾಗಿ ದಣಿಯದೆ ಹಿಡಿದು ನಿಲ್ಲುವ ತಾಳಿಕೆ. ಡೆನ್ಮಾರ್ಕಿನ ವೈದ್ಯ ಬಿಯರಿಂಗ್ ಸೊರೆನ್ಸೆನ್ 1984ರಲ್ಲಿ ಜನರನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಸೊಂಟದಿಂದ ಮೇಲಿನ ದೇಹ ಅಂಚಿನಿಂದಾಚೆ ಗಾಳಿಯಲ್ಲಿರುವಂತೆ ಮಾಡಿ, ಎಷ್ಟು ಹೊತ್ತು ನೆಟ್ಟಗೆ ಹಿಡಿದಿರಬಲ್ಲರೆಂದು ಅಳೆದರು. ಹೆಚ್ಚು ಹೊತ್ತು ಹಿಡಿದಿದ್ದ ಗಂಡಸರಿಗೆ ಮುಂದಿನ ಒಂದು ವರ್ಷದಲ್ಲಿ ಮೊದಲ ಬಾರಿಗೆ ಬೆನ್ನುನೋವು ಬರುವ ಸಂಭವ ಕಡಿಮೆಯಿತ್ತು. ಈ ತಾಳಿಕೆಗಾಗಿಯೇ ಮೆಕ್‌ಗಿಲ್ ಅವರು ಮೂರು ವ್ಯಾಯಾಮಗಳನ್ನು ಆರಿಸಿಕೊಟ್ಟರು. ಅವುಗಳನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದಕ್ಕೆ ಚಾಪೆಯ ಮೇಲೆ ಅಂಗಾತ ಮಲಗಿ, ಒಂದು ಕಾಲನ್ನು ನೀಳವಾಗಿ ಬಿಟ್ಟು ಇನ್ನೊಂದರ ಮಂಡಿಯನ್ನು ಮಡಚಿ, ಸೊಂಟದ ಕೆಳಗೆ ಸಹಜವಾಗಿ ಉಳಿಯುವ ತಗ್ಗಿನಲ್ಲಿ ಎರಡೂ ಅಂಗೈಗಳನ್ನಿಟ್ಟುಕೊಳ್ಳಿ. ಆ ತಗ್ಗು ಕೈಯನ್ನು ಅಮುಕಬಾರದು, ಬಿಟ್ಟು ಮೇಲೇಳಲೂ ಬಾರದು. ತಲೆ ಮತ್ತು ಭುಜ ನೆಲದಿಂದ ಬೆರಳಿನಷ್ಟು ಎದ್ದರೆ ಸಾಕು, ಗದ್ದ ಎದೆಗೆ ತಾಗಬಾರದು. ಹಾಗೆ ಎಂಟು ಹತ್ತು ಸೆಕೆಂಡು ಹಿಡಿದು, ಉಸಿರು ಕಟ್ಟದೆ, ನಿಧಾನವಾಗಿ ಇಳಿಸಿ.

ಎರಡನೆಯದು ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟವನ್ನು ಎತ್ತುವುದು. ಮೊಣಕೈ ಸರಿಯಾಗಿ ಭುಜದ ಕೆಳಗಿರಲಿ. ಶುರುವಿನಲ್ಲಿ ಮಂಡಿ ಮಡಚಿ ಮಂಡಿಯ ಮೇಲೆಯೇ ಭಾರ ಬಿಡಿ, ಪಾದದ ಮೇಲೆ ಭಾರ ಬಿಡುವುದು ಆಮೇಲಿನ ಮಾತು. ಮೂರನೆಯದಕ್ಕೆ ಅಂಬೆಗಾಲಿನ ಭಂಗಿಯಲ್ಲಿ ನಿಂತು ಬಲಗೈ ಮತ್ತು ಎಡಗಾಲನ್ನು ಒಟ್ಟಿಗೆ ನೀಳಮಾಡಿ ಹತ್ತು ಸೆಕೆಂಡು ಹಿಡಿಯಬೇಕು, ಆಮೇಲೆ ಇನ್ನೊಂದು ಜೋಡಿ. ಕಾಲನ್ನು ಆಕಾಶಕ್ಕೆ ಎತ್ತಬೇಡಿ, ಹಿಮ್ಮಡಿಯನ್ನು ಹಿಂದಿನ ಗೋಡೆಯ ಕಡೆಗೆ ತಳ್ಳಿ. ಸೊಂಟ ಒಂದು ಬದಿಗೆ ವಾಲದಂತೆ ಇರುವುದೇ ಇಲ್ಲಿನ ಕಸರತ್ತು. ನನ್ನ ಬಳಿ ಬರುವವರು ಹೆಚ್ಚಾಗಿ ತಪ್ಪುವುದೂ ಇಲ್ಲೇ. ಮನೆಯವರಿಗೆ ಹೇಳಿ ಸೊಂಟದ ಮೇಲೆ ಒಂದು ಸ್ಟೀಲ್ ತಟ್ಟೆ ಇಡಿಸಿಕೊಳ್ಳಿ, ಅದು ಜಾರಿ ಬೀಳದಿದ್ದರೆ ಭಂಗಿ ಸರಿಯಿದೆ.

ಎಷ್ಟು ಮಾಡಬೇಕು ಎಂದು ಕೇಳಿದ್ದೀರಿ. ಹತ್ತು ಸೆಕೆಂಡನ್ನು ಮೂವತ್ತಕ್ಕೆ ಏರಿಸಬೇಡಿ. ಹಿಡಿತ ಚಿಕ್ಕದೇ ಇರಲಿ, ಸಂಖ್ಯೆ ಹೆಚ್ಚಲಿ. ಮೊದಲ ಸುತ್ತಿನಲ್ಲಿ ಆರು ಸಲ, ಸ್ವಲ್ಪ ವಿರಮಿಸಿ ನಾಲ್ಕು ಸಲ, ಕೊನೆಗೆ ಎರಡು ಸಲ. ಹೀಗೆ ಇಳಿಕೆಯ ಕ್ರಮದಲ್ಲಿ ಮಾಡಿದರೆ ಸ್ನಾಯು ದಣಿದು ಭಂಗಿ ಕೆಡುವ ಮೊದಲೇ ಮುಗಿಯುತ್ತದೆ. ದಿನವೂ ಮಾಡಬಹುದು, ಆದರೆ ಎದ್ದ ಕೂಡಲೇ ಬೇಡ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಊದಿಕೊಂಡಿರುತ್ತದೆ, ನಾವು ಬೆಳಿಗ್ಗೆ ಒಂದಿಷ್ಟು ಎತ್ತರವಾಗಿರುವುದೂ ಅದರಿಂದಲೇ. ಊದಿದ ಡಿಸ್ಕಿಗೆ ಬಾಗುವಿಕೆ ತಾಳುವುದಿಲ್ಲ. ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿದವರ ನೋವು ಕಡಿಮೆಯಾದದ್ದನ್ನು 1998ರ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ಮುಖ ತೊಳೆಯುವಾಗ ಒಂದು ಕೈಯನ್ನು ಬೇಸಿನ್ ಮೇಲೆ ಊರಿ, ಮಂಡಿ ಸ್ವಲ್ಪ ಮಡಚಿ, ಇನ್ನೊಂದು ಕೈಯಲ್ಲಿ ತೊಳೆದುಕೊಳ್ಳಿ.

ಕೊನೆಯದಾಗಿ ನಡಿಗೆ. ಆಸ್ಟ್ರೇಲಿಯಾದಲ್ಲಿ ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರಮವಾಗಿ ನಡಿಗೆ ಏರಿಸಿಕೊಂಡವರಿಗೆ ನೋವು ಮರುಕಳಿಸಲು ಸಾಮಾನ್ಯವಾಗಿ 208 ದಿನ ಹಿಡಿದರೆ, ಉಳಿದವರಿಗೆ 112 ದಿನಕ್ಕೇ ಮರಳಿತು. ಯಾರ್ಡಿನಿಂದ ಮನೆಗೆ ಬಂದ ಮೇಲೆ ಕುಂದವಾಡ ಕೆರೆಯ ಏರಿಯ ಮೇಲೆ ಹತ್ತು ಹದಿನೈದು ನಿಮಿಷ ಕೈ ಬೀಸಿ ನಡೆಯುವುದರಿಂದ ಶುರುಮಾಡಿ, ವಾರಕ್ಕೆ ಐದು ದಿನ ಅರ್ಧ ಗಂಟೆಗೆ ತನ್ನಿ.

ಉತ್ತರ 2: ಯೋಗ ಶಿಕ್ಷಕ, ಚಿತ್ರದುರ್ಗ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಸೂರ್ಯನಮಸ್ಕಾರದ ವಿಷಯವನ್ನು ಅವರು ನಮ್ಮಂಥವರಿಗೆ ಬಿಟ್ಟಂತಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಹನ್ನೆರಡು ಹಂತಗಳ ಸೂರ್ಯನಮಸ್ಕಾರದಲ್ಲಿ ಪಾದಹಸ್ತಾಸನ ಎರಡು ಸಲ ಬರುತ್ತದೆ. ನೆಟ್ಟಗೆ ನಿಂತವರು ಒಮ್ಮೆಲೇ ಸೊಂಟದಿಂದ ಮಡಚಿ ಅಂಗೈ ನೆಲಕ್ಕೆ ತಾಗಿಸುವ ಆ ಹಂತವೇ ಬಾಗಿದರೆ ನೋಯುವ ಬೆನ್ನಿಗೆ ಹಾನಿಕರ. ಪಶ್ಚಿಮೋತ್ತಾನಾಸನ, ಹಲಾಸನಗಳೂ ಅದೇ ಗುಂಪಿನವು. ಇವು ಕೆಟ್ಟ ಆಸನಗಳಲ್ಲ, ನಿಮ್ಮ ಈಗಿನ ಬೆನ್ನಿಗೆ ಹೊಂದುವುದಿಲ್ಲ ಅಷ್ಟೇ.

ನೀವು ಮಾಡಬಹುದಾದದ್ದು ಮಕರಾಸನದಿಂದ ಆರಂಭವಾಗುತ್ತದೆ. ಬೋರಲು ಮಲಗಿ, ಕೈಗಳ ಮೇಲೆ ಹಣೆಯಿಟ್ಟು, ಹೊಟ್ಟೆಯಿಂದ ಉಸಿರಾಡುತ್ತ ನಾಲ್ಕೈದು ನಿಮಿಷ ಸುಮ್ಮನಿರಿ. ಆಮೇಲೆ ಮೊಣಕೈಗಳನ್ನು ಊರಿ ಎದೆಯನ್ನು ಎತ್ತಿ ನಿಲ್ಲಿಸಿ, ಹೊಕ್ಕುಳು ನೆಲ ಬಿಡಬಾರದು. ಈ ಭಂಗಿ ನೋವಿಗೆ ಹಿತವಾದರೆ ಮಾತ್ರ ಅಂಗೈ ಊರುವ ಭುಜಂಗಾಸನಕ್ಕೆ ಹೋಗಿ. ನ್ಯೂಜಿಲೆಂಡಿನ ಫಿಸಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ಪದ್ಧತಿ ಹುಟ್ಟಿದ್ದೂ ಇಂಥದ್ದೇ ಭಂಗಿಯಿಂದ. 1956ರಲ್ಲಿ ಅವರ ರೋಗಿಯೊಬ್ಬರು ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ತಿಳಿಯದೆ ಬೋರಲು ಮಲಗಿಬಿಟ್ಟಿದ್ದರು, ಸ್ವಲ್ಪ ಹೊತ್ತಿನಲ್ಲಿ ಅವರ ಕಾಲಿನ ನೋವು ಮಾಯವಾಗಿತ್ತು. ಆ ಅನುಭವದಿಂದ ಬೆಳೆದು ಬಂದ ನಿಯಮವನ್ನು ನಾನು ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ: ಆಸನ ಮಾಡುವಾಗ ತೊಡೆಯ ನೋವು ಮೇಲಕ್ಕೆ ಸರಿದು ಸೊಂಟದಲ್ಲಿ ಬಂದು ನಿಂತರೆ, ಸೊಂಟದ ನೋವು ತುಸು ಹೆಚ್ಚಿದಂತೆ ಕಂಡರೂ ಅದು ಒಳ್ಳೆಯ ಸೂಚನೆ, ನೋವು ಮೀನಖಂಡದ ಕಡೆಗೆ ಇಳಿಯತೊಡಗಿದರೆ ಆ ಕ್ಷಣವೇ ನಿಲ್ಲಿಸಬೇಕು.

ಎರಡು ಮೂರು ವಾರ ಇದು ಕೂಡಿಬಂದ ಮೇಲೆ ಒಂದೊಂದೇ ಕಾಲೆತ್ತುವ ಅರ್ಧ ಶಲಭಾಸನ, ಅದರ ಜೊತೆಗೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧಾಸನ. ಸೇತುಬಂಧದಲ್ಲಿ ಸೊಂಟವನ್ನು ಎತ್ತುವುದು ಬೆನ್ನಿನ ಬಲದಿಂದಲ್ಲ, ಪೃಷ್ಠದ ಸ್ನಾಯುಗಳನ್ನು ಬಿಗಿದು. ದಿನವಿಡೀ ಕೂರುವವರಲ್ಲಿ ಈ ಸ್ನಾಯುಗಳು ಕೆಲಸವನ್ನೇ ಮರೆತಂತಿರುತ್ತವೆ, ಏಳುವಾಗ ಬಾಗುವಾಗ ಅವು ಹೊರಬೇಕಾದ ಭಾರವನ್ನೆಲ್ಲ ಸೊಂಟವೇ ಹೊರುತ್ತದೆ.

ಪ್ರಶ್ನೆ ಕೇಳಿದವರು: ಮಂಡಿ ಗುಮಾಸ್ತ, ದಾವಣಗೆರೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ಹಾಳೆಯ ಚಿತ್ರಗಳಿಗೆ ಈಗ ಅರ್ಥ ಬಂತು. ಎರಡು ಸಂದೇಹ ಉಳಿದಿವೆ. ಗಾದಿಯ ಮೇಲೆ ಕೂರುವುದನ್ನು ಬಿಡುವಂತಿಲ್ಲ, ರೈತರು ಎದುರಿಗೇ ಬಂದು ಕೂತು ಲೆಕ್ಕ ಕೇಳುತ್ತಾರೆ. ಅಲ್ಲಿ ಏನು ಮಾಡಬಹುದು? ಇನ್ನೊಂದು, ಕೆಲವು ಸಂಜೆ ಎಡಗಾಲಿನ ಹೆಬ್ಬೆರಳು ಜೋಮು ಹಿಡಿದಂತಾಗುತ್ತದೆ. ಇದಕ್ಕೆ ಹೆದರಬೇಕೇ? ಬೆಲ್ಟ್ ಕಟ್ಟಲೇ, ಬೇಡವೇ?

ಉತ್ತರ 3: ಫಿಸಿಯೊಥೆರಪಿಸ್ಟ್, ದಾವಣಗೆರೆ

ಜೋಮಿನ ವಿಷಯವನ್ನೇ ಮೊದಲು ನೋಡೋಣ. ಹೆಬ್ಬೆರಳಿನ ಕಡೆಗೆ ಹೋಗುವ ನರ ನಿಮ್ಮ ವರದಿಯಲ್ಲಿರುವ ಡಿಸ್ಕಿನ ಪಕ್ಕದಲ್ಲೇ ಹಾದುಹೋಗುತ್ತದೆ, ಆದ್ದರಿಂದ ಆಗಾಗ ಬಂದು ಹೋಗುವ ಜೋಮಿಗೆ ಕಾರಣವಿದೆ. ಮುಖ್ಯವಾಗಿ ನೋಡಬೇಕಾದದ್ದು ಶಕ್ತಿ. ಬರಿಗಾಲಿನಲ್ಲಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಿನ ಮೇಲೆ ಹತ್ತು ಹೆಜ್ಜೆ ನಡೆದು ನೋಡಿ. ಹಿಮ್ಮಡಿಯ ಮೇಲೆ ನಡೆಯುವಾಗ ಎಡ ಮುಂಗಾಲು ಜೋತು ಬಿದ್ದರೆ, ಚಪ್ಪಲಿ ತಾನಾಗಿ ಕಾಲಿನಿಂದ ಕಳಚುತ್ತಿದ್ದರೆ, ವ್ಯಾಯಾಮವನ್ನೆಲ್ಲ ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಬೇಕು.

ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕೂತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟುವುದು, ಎರಡೂ ಕಾಲುಗಳಲ್ಲಿ ಸೋಲು ಬರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ, ಅದೇ ಗಂಟೆ, ರಾತ್ರಿಯಾದರೂ ಸರಿ, ಜಿಲ್ಲಾಸ್ಪತ್ರೆಯ ಅಥವಾ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಈ ಭಾಗಗಳಿಗೆ ಹೋಗುವ ನರಗಳ ಮೇಲಿನ ಒತ್ತಡವನ್ನು ಬೇಗ ಬಿಡಿಸದಿದ್ದರೆ ಹಾನಿ ಶಾಶ್ವತವಾಗಬಹುದು. ಇನ್ನು ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಅದು ಔಷಧಿಯಿಂದ ವಾಸಿಯಾಗುವ ಕಾಯಿಲೆ, ಆದರೆ ಪತ್ತೆಯಾಗಬೇಕು.

ಬೆಲ್ಟನ್ನು ದೂರದ ಬಸ್ ಪ್ರಯಾಣಕ್ಕೆ, ನೋವು ಕೆರಳಿದ ಒಂದೆರಡು ದಿನಕ್ಕೆ ಕಟ್ಟಿಕೊಳ್ಳಬಹುದು. ಅಭ್ಯಾಸವಾಗುವುದು ಬೇಡ. ನೋವಿನ ಮಾತ್ರೆಯನ್ನೂ ಔಷಧಿ ಅಂಗಡಿಯಲ್ಲಿ ಕೇಳಿ ತಂದು ವಾರಗಟ್ಟಲೆ ನುಂಗಬೇಡಿ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಹೊಟ್ಟೆಗೆ, ಮೂತ್ರಪಿಂಡಕ್ಕೆ, ರಕ್ತದೊತ್ತಡಕ್ಕೆ ತೊಂದರೆ ತರಬಲ್ಲವು.

ಗಾದಿಯ ಮಾತಿಗೆ ಬಂದರೆ, ಚಕ್ಕಳಮಕ್ಕಳ ಹಾಕುವುದಕ್ಕಿಂತ ಮಂಡಿ ಸೊಂಟಕ್ಕಿಂತ ಮೇಲಿರುವುದು ತೊಂದರೆ. ಹಾಗಿದ್ದಾಗ ಸೊಂಟದ ಸಹಜ ಒಳಬಾಗು ಹೊರಕ್ಕೆ ತಿರುಗಿಬಿಡುತ್ತದೆ. ಒಂದು ಕಂಬಳಿಯನ್ನು ಗಟ್ಟಿಯಾಗಿ ಮಡಚಿ ಪೃಷ್ಠದ ಕೆಳಗಷ್ಟೇ ಹಾಕಿ, ಮಂಡಿ ಸೊಂಟಕ್ಕಿಂತ ಕೆಳಗಿಳಿಯಲಿ. ಬರೆಯುವ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು, ಮೊಣಕೈ ಮಡಚಿದಾಗ ಪುಸ್ತಕ ಆ ಎತ್ತರಕ್ಕೆ ಬರುವಂತೆ ಮಾಡಿ. ಒಂದೊಂದು ರೈತರ ಪಟ್ಟಿ ಮುಗಿದಾಗಲೂ ಎದ್ದು ನಿಂತು, ಎರಡೂ ಕೈಗಳನ್ನು ಸೊಂಟದ ಹಿಂದಿಟ್ಟು, ನಿಧಾನವಾಗಿ ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಇದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ, ಮಾಲೀಕರಿಗೂ ಅಡ್ಡಿಯಾಗದು.

ಉತ್ತರ 4: ಚಳ್ಳಕೆರೆ ಕಡೆಯ ಓದುಗರು

ಚರ್ಚೆ ಉಪಯುಕ್ತವಾಗಿದೆ. ನಮ್ಮ ಅವ್ವನಿಗೆ 66 ವರ್ಷ, ಜೀವಮಾನವಿಡೀ ಶೇಂಗಾ ಹೊಲದಲ್ಲಿ ಬಾಗಿ ಕಳೆ ತೆಗೆದು, ಬಳ್ಳಿ ಕಿತ್ತು, ಕಾಯಿ ಬಿಡಿಸಿದವರು. ಈಗ ಬೆನ್ನು ಸ್ವಲ್ಪ ಗೂನಾಗಿದೆ, ನಡುಬೆನ್ನಿನಲ್ಲಿ ನೋವು. ಅವರೂ ಇದೇ ವ್ಯಾಯಾಮಗಳನ್ನು ಮಾಡಬಹುದೇ?

ಉತ್ತರ 5: ಫಿಸಿಯೊಥೆರಪಿಸ್ಟ್, ದಾವಣಗೆರೆ

ಅಕ್ಕ, ಅವ್ವನವರ ವಿಷಯ ಬೇರೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವ ಹೆಂಗಸರಲ್ಲಿ ಗೂನು, ನಡುಬೆನ್ನಿನ ನೋವು, ಎತ್ತರ ಕುಗ್ಗುವುದು, ಇವು ಮೂಳೆ ಕುಸಿದಿರುವುದರ ಗುರುತಾಗಿರಬಹುದು. ಮೊದಲು ಒಂದು ಎಕ್ಸ್‌ರೇ, ಸಾಧ್ಯವಾದರೆ ಮೂಳೆ ಸಾಂದ್ರತೆಯ ಪರೀಕ್ಷೆ ಆಗಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಮುಂದಕ್ಕೆ ಬಾಗುವ ಯಾವ ವ್ಯಾಯಾಮವನ್ನೂ ಮಾಡಿಸಬೇಡಿ. ಇಂಥ 59 ಮಹಿಳೆಯರನ್ನು ಗಮನಿಸಿ 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89 ಜನರ ಬೆನ್ನುಮೂಳೆಗಳು ಮತ್ತಷ್ಟು ಕುಸಿದಿದ್ದವು. ಬೆನ್ನನ್ನು ಹಿಂದಕ್ಕೆ ನೆಟ್ಟಗಾಗಿಸುವ ವ್ಯಾಯಾಮ ಮಾಡಿದವರಲ್ಲಿ ಹಾಗಾದದ್ದು ನೂರಕ್ಕೆ 16 ಜನರಿಗೆ.

ಅವರಿಗೆ ಗೋಡೆ ಸಾಕು. ಗೋಡೆಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿಯನ್ನು ನಾಲ್ಕು ಬೆರಳು ಮುಂದಿಟ್ಟು, ತಲೆಯ ಹಿಂಭಾಗವನ್ನು ಗೋಡೆಯ ಕಡೆಗೆ ಮೆಲ್ಲನೆ ಒತ್ತಿ ಐದೆಣಿಸುವವರೆಗೆ ಹಿಡಿಯಲಿ. ತಲೆ ತಾಗದಿದ್ದರೆ ನಡುವೆ ಒಂದು ದಿಂಬು ಇಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಲಿ. ಇನ್ನು ಶೇಂಗಾ ಬಿಡಿಸುವ ಕೆಲಸವನ್ನು ಅವರು ಬಿಡಲಾರರು, ಅದು ನನಗೂ ಗೊತ್ತು. ನೆಲದ ಬದಲು ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಮೊರವನ್ನು ಮಡಿಲಿನಲ್ಲಿಡದೆ ಸ್ಟೂಲಿನ ಮೇಲಿಡಿ.

ಉತ್ತರ 6: ಹಮಾಲರ ಸಂಘದ ಹಿರಿಯ, ದಾವಣಗೆರೆ

ಚೀಲ ಎತ್ತುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದನ್ನು ನಾನು ಹೇಳುತ್ತೇನೆ. ಅಣ್ಣಾ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ್ಡಿನಲ್ಲಿ ಚೀಲ ಹೊತ್ತವನ ಮಾತಿದು. ನಮ್ಮಲ್ಲಿ ಬೆನ್ನು ಕಳೆದುಕೊಂಡವರು ಬಹಳ ಮಂದಿ, ಮತ್ತು ಅವರಲ್ಲಿ ಹೆಚ್ಚಿನವರ ಬೆನ್ನು ಹೋದದ್ದು ಹೊತ್ತು ನಡೆಯುವಾಗಲ್ಲ, ನೆಲದಿಂದ ಎತ್ತುವ ಗಳಿಗೆಯಲ್ಲಿ ಅಥವಾ ಎತ್ತಿದ ಚೀಲದೊಡನೆ ಸೊಂಟ ತಿರುಚಿದಾಗ. ಅನುಭವಿ ಹಮಾಲ ಒಬ್ಬನೇ ನೆಲದಿಂದ ಚೀಲ ಎತ್ತುವುದಿಲ್ಲ. ಇಬ್ಬರು ಎರಡೂ ತುದಿಗೆ ಕೊಕ್ಕೆ ಹಾಕಿ ಎತ್ತಿಕೊಡುತ್ತಾರೆ, ಹೊರುವವನು ಮಂಡಿ ತಗ್ಗಿಸಿ ಬೆನ್ನಿನ ಮೇಲೆ ತೆಗೆದುಕೊಳ್ಳುತ್ತಾನೆ. ತಿರುಗಬೇಕಾದರೆ ಪಾದ ಎತ್ತಿಟ್ಟು ತಿರುಗುತ್ತಾನೆಯೇ ಹೊರತು ಸೊಂಟದಿಂದ ಹೊರಳುವುದಿಲ್ಲ. ಲೆಕ್ಕದವರು ಅವಸರದಲ್ಲಿ ಎದ್ದು ಬಂದು, ಗಂಟೆಗಟ್ಟಲೆ ಬಾಗಿ ಕೂತಿದ್ದ ಬೆನ್ನಿನಿಂದಲೇ ಚೀಲದ ಕಿವಿ ಹಿಡಿದು ಎಳೆಯುತ್ತಾರೆ. ಅದೇ ಅಪಾಯ. ಕೂತು ಎದ್ದ ಮೇಲೆ ಎರಡು ನಿಮಿಷ ನಡೆದಾಡದೆ ಭಾರಕ್ಕೆ ಕೈ ಹಾಕಲೇಬಾರದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರದಂತೆ ನೋಡಿಕೊಳ್ಳಬೇಕೆಂದು ಶಿಫಾರಸು ಮಾಡಿದೆ, ಅದು ಗಟ್ಟಿಮುಟ್ಟಾದ ಆಳಿನ ಲೆಕ್ಕ. ನೋವಿರುವ ನಿಮಗೆ ಅಷ್ಟು ಭಾರದ ಹತ್ತಿರವೂ ಸುಳಿಯುವ ಕಾರಣವಿಲ್ಲ. ಮನೆಯಲ್ಲಿ ಒಂದು ಕೋಲನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿದು, ಅದು ತಲೆಗೆ, ಭುಜಗಳ ನಡುವಿಗೆ, ಬಾಲಮೂಳೆಗೆ ಮೂರೂ ಕಡೆ ತಾಗಿದ್ದಂತೆಯೇ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಬಾಗುವುದನ್ನು ಕಲಿಯಿರಿ. ಕೋಲು ಎಲ್ಲಿಯೂ ಬಿಡದಂತೆ ಬಾಗಲು ಬಂದ ಮೇಲೆ ಐದು ಕಿಲೋ ಅಕ್ಕಿಯ ಚೀಲ, ಅದು ಸಲೀಸಾದರೆ ಹತ್ತು ಕಿಲೋ. ಮರುದಿನ ಬೆಳಿಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಭಾರ ಇಳಿಸಿ, ಇಲ್ಲದಿದ್ದರೆ ಮುಂದಿನ ವಾರ ಸ್ವಲ್ಪ ಏರಿಸಿ. ಈ ಸುಗ್ಗಿಯ ಮಟ್ಟಿಗೆ ಮಾಲೀಕರಿಗೆ ಹೇಳಿ ಇನ್ನೊಬ್ಬ ಹಮಾಲನನ್ನು ಹಾಕಿಸಿಕೊಳ್ಳಿ. ಕೇಳಲು ಸಂಕೋಚವಾದರೆ ನಮ್ಮ ಸಂಘದವರೇ ಬಂದು ಮಾತಾಡುತ್ತೇವೆ.